ಸುಡದೆ ಉಳಿದ ಅರಮನೆ

ಲೋಂಡಾ ದಾಟಿದ ಮೇಲೆ ರೈಲುಬಂಡಿಯೊಳಗಿನ ಮಾತು ತಾನಾಗಿಯೇ ಕಡಮೆಯಾಗುತ್ತದೆ. ಎರಡು ಕಡೆಯಿಂದಲೂ ಕಾಡು ಒತ್ತಿಕೊಂಡು ಬಂದು ಕಿಟಕಿಯಲ್ಲಿ ಇಣುಕುತ್ತದೆ. ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಬಂಡಿ ಬಹಳ ಹೊತ್ತು ನಿಲ್ಲುತ್ತದೆ. ಮುಂದಿರುವುದು ಘಟ್ಟದ ಕಡಿದಾದ ಇಳಿಜಾರು. ಬಂಡಿಯನ್ನು ಹಿಡಿದು ಇಳಿಸಲು ಇಲ್ಲಿ ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಪ್ರಯಾಣಿಕರು ಕೆಳಗಿಳಿದು ಚಹಾ ಕುಡಿಯುತ್ತಾರೆ, ದೂಧಸಾಗರದ ಜಲಪಾತ ಯಾವ ಕಡೆಗೆ ಕಾಣುವುದೆಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ನಾನು ಮಾತ್ರ ಆ ದಿನ ಜಲಪಾತವನ್ನು ನೆನೆಯುತ್ತಿರಲಿಲ್ಲ. ನನ್ನ ಅಜ್ಜನ ಎಡಗಾಲನ್ನು ನೆನೆಯುತ್ತಿದ್ದೆನು.

ಅಜ್ಜ ಬೆಳಗಾವಿ ಸೀಮೆಯ ಒಬ್ಬ ಸಾಮಾನ್ಯ ಒಕ್ಕಲಿಗ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗೋವೆಯ ಗಡಿಯನ್ನು ದಾಟಿದ ಸಾವಿರಾರು ಸತ್ಯಾಗ್ರಹಿಗಳಲ್ಲಿ ಅವನೂ ಒಬ್ಬನಾಗಿದ್ದ. ಆ ದಿನ ಪೋರ್ಚುಗೀಸರ ಗುಂಡಿಗೆ ಇಪ್ಪತ್ತಕ್ಕೂ ಮಿಕ್ಕು ಜನ ಬಲಿಯಾದರು. ಅಜ್ಜನಿಗೆ ಗುಂಡು ತಗಲಲಿಲ್ಲ; ಬಂದೂಕಿನ ಹಿಡಿಯಿಂದ ಬಿದ್ದ ಪೆಟ್ಟಿಗೆ ಮೊಣಕಾಲು ಮುರಿಯಿತು. ಗಡಿಯ ಈಚೆಗೆ ಎಳೆದು ಹಾಕಿದ ಅವನನ್ನು ಜೊತೆಯವರು ಹೊತ್ತು ತಂದರಂತೆ. ಆ ಕಾಲನ್ನು ಎಳೆಯುತ್ತಲೇ ಅವನು ಇನ್ನೂ ಐವತ್ತು ವರ್ಷ ಹೊಲ ಸುತ್ತಿದನು. ಗೋವೆಯನ್ನು ಮಾತ್ರ ನೋಡಲೇ ಇಲ್ಲ.

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಒಮ್ಮೆ ಗೋವೆಯ ಕೊನೆಯ ಪೋರ್ಚುಗೀಸ್ ಗವರ್ನರನ ಕಥೆಯನ್ನು ಎಲ್ಲಿಯೋ ಓದಿ, ಬಹಳ ಉತ್ಸಾಹದಿಂದ ಅಜ್ಜನಿಗೆ ಹೇಳಿದೆ. ಸುಡು ಎಂದರೂ ಸುಡದೆ, ಸಾಯಿರಿ ಎಂದರೂ ತನ್ನವರನ್ನು ಸಾಯಗೊಡದೆ ಶರಣಾದ ಆ ದಂಡಾಳುವಿನ ಕಥೆಯನ್ನು ಅಜ್ಜ ಎಲೆಯಡಕೆ ಮೆಲ್ಲುತ್ತ ಪೂರ್ತಿಯಾಗಿ ಕೇಳಿದ. ಬಳಿಕ ತನ್ನ ಮೊಣಕಾಲನ್ನು ಒಮ್ಮೆ ಸವರಿಕೊಂಡು, “ಕಡೀ ದಿವಸ ಒಂದು ಛಲೋ ಕೆಲಸ ಮಾಡಿದ ಅಂತ, ಹಿಂದ ಬಿದ್ದ ಪೆಟ್ಟು ಮಾಯ್ತದೇನೋ ತಮ್ಮಾ?” ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಅಜ್ಜ ತೀರಿಹೋಗಿ ಈಗ ಹಲವು ವರ್ಷಗಳಾದವು. ಪ್ರಶ್ನೆ ನನ್ನಲ್ಲಿಯೇ ಉಳಿದಿತ್ತು. ಅದನ್ನು ಹೊತ್ತುಕೊಂಡೇ ನಾನು ಈ ಸಲದ ರಜೆಯಲ್ಲಿ ಗೋವೆಗೆ ಹೊರಟಿದ್ದೆನು.

ಸುರಂಗಗಳ ಕತ್ತಲೆ, ಮತ್ತೆ ಬೆಳಕು, ಮತ್ತೆ ಕತ್ತಲೆ. ನಡುವೆ ಎಲ್ಲಿಯೋ ದೂಧಸಾಗರದ ಬಿಳಿ ನೊರೆ ಮುಖಕ್ಕೆ ಸಿಡಿದು ಹೋಯಿತು. ಕುಳೆಂ ಬಂದಾಗ ಘಟ್ಟ ಮುಗಿದು ತೆಂಗು ಅಡಕೆಗಳ ನಾಡು ತೆರೆದುಕೊಂಡಿತು. ಮಡಗಾಂವಿಯಲ್ಲಿ ಇಳಿದು ಪಣಜಿಗೆ ಬಸ್ಸು ಹತ್ತಿದೆನು. ಬಸ್ಸಿನ ಮೈಮೇಲೆ ದೊಡ್ಡ ಅಕ್ಷರಗಳಲ್ಲಿ ‘ಕದಂಬ’ ಎಂದು ಬರೆದಿದ್ದಿತು. ಗೋವೆಯ ಸರಕಾರಿ ಬಸ್ಸುಗಳಿಗೆ ಅದೇ ಹೆಸರು. ಇಲ್ಲಿ ಆಳಿದ ಕದಂಬರ ಜಯಕೇಶಿಗಳ ಕಾಲ ಮುಗಿದು ಎಷ್ಟೋ ಶತಮಾನಗಳಾದರೂ, ಕನ್ನಡ ಶಾಸನಗಳನ್ನು ಬರೆಯಿಸಿದ ಆ ಅರಸುಮನೆತನ ಹೀಗೆ ಟಿಕೆಟ್ಟಿನ ಚೀಟಿಯ ಮೇಲೆ ಉಳಿದುಕೊಂಡಿರುವುದನ್ನು ಕಂಡು ಕನ್ನಡದ ಮೇಷ್ಟರಾದ ನನಗೆ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು.

ಪಣಜಿಯಲ್ಲಿ ನಾನು ನೋಡಬೇಕೆಂದಿದ್ದುದು ಒಂದೇ ಕಟ್ಟಡ. ಅದು ಮಾಂಡವಿ ನದಿಯ ದಂಡೆಯ ಮೇಲೆ, ರಸ್ತೆಗೆ ಮುಖ ಮಾಡಿ ನಿಂತಿದೆ. ಬೆಳ್ಳಗಿನ ಗೋಡೆ, ಇಳಿಜಾರಾದ ಹೆಂಚಿನ ಮಾಡು, ಸಾಲುಸಾಲು ಕಿಟಕಿಗಳು. ಪಕ್ಕದಲ್ಲಿ ಸಮ್ಮೋಹನ ವಿದ್ಯೆಗೆ ಹೆಸರಾದ ಗೋವೆಯ ಪಾದ್ರಿ ಅಬ್ಬೆ ಫಾರಿಯನ ಪ್ರತಿಮೆ, ಕೈ ಚಾಚಿ ಹೆಂಗಸೊಬ್ಬಳನ್ನು ನಿದ್ರೆಗೊಯ್ಯುವ ಭಂಗಿಯಲ್ಲಿದೆ. ಎದುರಿಗೆ ನದಿಯಲ್ಲಿ ಜೂಜುಕಟ್ಟೆಯ ಹಡಗುಗಳು ಬಣ್ಣಬಣ್ಣದ ದೀಪ ಹೊತ್ತಿಸಿಕೊಂಡು ತೇಲುತ್ತವೆ. ದಾರಿಹೋಕರಲ್ಲಿ ಹೆಚ್ಚಿನವರು ದೀಪಗಳನ್ನು ನೋಡುತ್ತಾರೆ. ಈ ಕಟ್ಟಡದತ್ತ ತಿರುಗುವವರು ಕಡಮೆ.

ಪೋರ್ಚುಗೀಸರು ಇದನ್ನು ‘ಇದಾಲ್ಕಾಂವ್’ ಅರಮನೆಯೆಂದು ಕರೆದರು. ಅದು ‘ಆದಿಲ್ ಖಾನ್’ ಎಂಬುದರ ರೂಪಾಂತರ. ಕೇಶಿರಾಜನೇ ಬಂದಿದ್ದರೂ ಈ ತದ್ಭವಕ್ಕೆ ಸೂತ್ರ ಹೊಸೆಯಲು ಕೊಂಚ ತಿಣುಕುತ್ತಿದ್ದನೇನೋ! ನಮ್ಮ ಬಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫನು ಇದನ್ನು ಕಟ್ಟಿಸಿದನೆಂದು ಪ್ರತೀತಿ. ಅವನ ಕೈಯಿಂದ ಗೋವೆಯನ್ನು ಕಸಿದವನು ಅಫೊನ್ಸೊ ಡಿ ಆಲ್ಬುಕರ್ಕ್. 1510ರ ಮೊದಲಲ್ಲಿ ಒಮ್ಮೆ ಗೆದ್ದು, ಕೆಲವೇ ತಿಂಗಳಲ್ಲಿ ಕಳೆದುಕೊಂಡು, ಅದೇ ವರ್ಷ ನವೆಂಬರ್ 25ರಂದು ಮತ್ತೆ ಗೆದ್ದನು. ಅವನನ್ನು ಗೋವೆಯ ಕಡೆಗೆ ತಿರುಗಿಸಿದವನು ಹೊನ್ನಾವರದ ಕಡಲಾಳು ತಿಮ್ಮೋಜ. ವಿಜಯನಗರದ ಪಕ್ಷದವನಾದ ತಿಮ್ಮೋಜ ತನ್ನ ಹಡಗುಗಳನ್ನೂ ಆಳುಗಳನ್ನೂ ಒದಗಿಸಿ ಪರಕೀಯನಿಗೆ ಬಾಗಿಲು ತೆರೆದ. ತಾನು ನಿರೀಕ್ಷಿಸಿದ ಒಡೆತನ ಮಾತ್ರ ಅವನಿಗೆ ದೊರೆಯಲಿಲ್ಲ. ನಗರವನ್ನು ಹಿಡಿದ ಆಲ್ಬುಕರ್ಕನು ಅಲ್ಲಿಯ ಮುಸಲ್ಮಾನರನ್ನು, ಹೆಂಗಸರು ಮಕ್ಕಳೆನ್ನದೆ, ಕೊಲ್ಲಿಸಿದನು. ಅದನ್ನು ತನ್ನ ದೊರೆಗೆ ಪತ್ರ ಬರೆದು ತಾನೇ ತಿಳಿಸಿದನು. ಗೋವೆಯ ಒಂದು ಆಳ್ವಿಕೆ ಬದಲಾದದ್ದು ಹೀಗೆ. 451 ವರ್ಷಗಳ ಬಳಿಕ ಅದೇ ಆಳ್ವಿಕೆ ಮತ್ತೆ ಬದಲಾಗಬೇಕಾಗಿ ಬಂದಾಗ ಅಲ್ಲಿದ್ದ ಅಧಿಕಾರಿ ಬೇರೊಬ್ಬ.

ಅವನ ಹೆಸರು ಮನುಯೆಲ್ ಆಂಟೋನಿಯೊ ವಸ್ಸಾಲೊ ಎ ಸಿಲ್ವ. 1899ರಲ್ಲಿ ಪೋರ್ಚುಗಲ್ಲಿನ ತೊರ್ರೆಸ್ ನೋವಸ್ ಎಂಬ ಊರಲ್ಲಿ ಹುಟ್ಟಿದವನು; ಸೈನ್ಯದ ಎಂಜಿನಿಯರಿಂಗ್ ವಿಭಾಗದ ಅಧಿಕಾರಿ. ಕಟ್ಟುವುದು ಅವನ ಕಸುಬು. ಅವನ ಅಕ್ಕ ಮರಿಯ ಲಾಮಸ್ ಹೆಸರಾಂತ ಲೇಖಕಿ, ಸರ್ವಾಧಿಕಾರಿ ಸಾಲಾಜಾರನ ವಿರೋಧಿ. ಅವನ ಸೆರೆಮನೆಯನ್ನು ಕಂಡು ಬಂದವಳು. ತಮ್ಮನಾದರೋ ಅದೇ ಸಾಲಾಜಾರನ ನೇಮಕದಿಂದ 1958ರಲ್ಲಿ ಗೋವೆಯ ಗವರ್ನರ್ ಜನರಲ್ ಆಗಿ ಬಂದನು. ಒಂದೇ ಮನೆಯಲ್ಲಿ ಎರಡು ದಾರಿ!

ಅವನನ್ನು ಮೊದಲೇ ಸಾಧುವೆಂದು ಚಿತ್ರಿಸಿದರೆ ಸುಳ್ಳಾದೀತು. ಅವನ ಕಾಲದಲ್ಲಿಯೂ ಆಗ್ವಾದ ಕೋಟೆಯ ಸೆರೆಮನೆ ಬರಿದಾಗಿರಲಿಲ್ಲ. ಕಾರವಾರದ ಕಡಲತೀರದಲ್ಲಿ ನಿಂತು ನೋಡಿದವರಿಗೆ ಅಂಜದೀವ ಎಂಬ ನಡುಗಡ್ಡೆ ಕಾಣುತ್ತದೆ. ಅದೂ ಪೋರ್ಚುಗೀಸರದಾಗಿದ್ದಿತು. 1961ರ ನವೆಂಬರಿನಲ್ಲಿ ಅಲ್ಲಿಯ ಪಹರೆಯವರು ಹಾದು ಹೋಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಮೀನುಗಾರನೊಬ್ಬ ಗುಂಡಿಗೆ ಸತ್ತನು. ದೆಹಲಿಯ ತಾಳ್ಮೆ ಮುಗಿದದ್ದು ಅಲ್ಲಿಂದಲೇ. ಆ ಪಹರೆಯವರ ಮೇಲಿನ ಮೇಲಧಿಕಾರಿ ಇವನೇ ಅಲ್ಲವೆ?

ಸಂಜೆ ಅರಮನೆಯ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದೆನು. ಪಕ್ಕದಲ್ಲಿ ಗಾಳಿಗೆ ಬಂದಿದ್ದ ಮುದುಕರೊಬ್ಬರು, ನನ್ನ ಕೈಯಲ್ಲಿದ್ದ ಕನ್ನಡ ಪುಸ್ತಕವನ್ನು ನೋಡಿ ಮಾತಿಗೆಳೆದರು. ಪಣಜಿಯವರೇ, ದಾಂಡೇಲಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಅವರ ಕನ್ನಡದಲ್ಲಿ ಕೊಂಕಣಿಯ ರಾಗವಿದ್ದಿತು. ನಾನು ಆ ಡಿಸೆಂಬರಿನ ಮಾತೆತ್ತಿದೆನು.

“ನಾನು ಆಗ ಹತ್ತು ವರ್ಷದ ಹುಡುಗ, ಮಾಸ್ತರೇ,” ಎಂದರು. “ಬೆಳಗಾಗುವಾಗ ವಿಮಾನದ ಸದ್ದು. ಬಾಂಬೊಳಿಯ ಕಡೆಗೆ ಗುಡುಗಿದ ಹಾಗೆ ಆಯಿತು. ಅವ್ವ ನಮ್ಮನ್ನೆಲ್ಲ ಮಂಚದ ಕೆಳಗೆ ನೂಕಿದಳು.”

ಅದು 1961ರ ಡಿಸೆಂಬರ್ 18, ಸೋಮವಾರ. ಬೆಳಗಾವಿಯ ಸಾಂಬ್ರಾದಿಂದ ಹೊರಟ ನಮ್ಮ ವಿಮಾನಗಳು ಬಾಂಬೊಳಿಯ ನಿಸ್ತಂತು ಕೇಂದ್ರವನ್ನು ಕೆಡವಿದ ಬೆಳಗು ಅದು. ಸೈನ್ಯ ಮೂರು ದಿಕ್ಕುಗಳಿಂದಲೂ ಗಡಿ ದಾಟಿದ್ದಿತು. ಕಡಲಲ್ಲಿ ‘ಆಲ್ಬುಕರ್ಕ್’ನ ಹೆಸರು ಹೊತ್ತ ಯುದ್ಧನೌಕೆಯೇ ನಮ್ಮ ನೌಕೆಗಳಿಗೆ ಇದಿರಾಗಿ ಹೋರಾಡಿ, ಗಾಯಗೊಂಡು, ದೋನಾ ಪಾವ್ಲದ ಬಳಿ ದಡ ಹತ್ತಿ ಕುಳಿತಿತು. ಅಂಜದೀವದಲ್ಲಿ ಇಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಮಡಿದರು. ಹಿಂದೆ ಸರಿಯುತ್ತಿದ್ದ ಪೋರ್ಚುಗೀಸ್ ಪಡೆ ಸೇತುವೆಗಳನ್ನು ಸಿಡಿಸುತ್ತ ಹೋಯಿತು.

“ಸೇತುವೆ ಹಾರಿಸಿದರು ಅಂತ ಸುದ್ದಿ ಬಂತಲ್ಲ, ಆವಾಗ ನಿಜವಾದ ಹೆದರಿಕೆ,” ಎಂದು ಮುದುಕರು ಮುಂದುವರಿಸಿದರು. “ಸೇತುವೆ ಸುಟ್ಟವರು ಊರನ್ನು ಬಿಡುತ್ತಾರೆಯೇ? ಈ ಅರಮನೆಯಲ್ಲಿ ಪೆಟ್ರೋಲಿನ ಪೀಪಾಯಿ ಇಟ್ಟಿದ್ದಾರೆ ಅಂತ ಓಣಿಯಲ್ಲೆಲ್ಲ ಪಿಸುಮಾತು. ನಮ್ಮ ಮನೆ ಇಲ್ಲೇ ಹಿಂದುಗಡೆ. ಆ ರಾತ್ರಿ ಅಪ್ಪ ಮಲಗಲಿಲ್ಲ. ಕೊಡಗಳಲ್ಲಿ ನೀರು ತುಂಬಿ ಬಾಗಿಲ ಹತ್ತಿರ ಇಟ್ಟುಕೊಂಡು ಕುಳಿತಿದ್ದರು.”

ಪೀಪಾಯಿಯ ಸುದ್ದಿ ಬರಿಯ ಪಿಸುಮಾತಲ್ಲ. ಲಿಸ್ಬನ್ನಿನಿಂದ ಬಂದ ಆಜ್ಞೆಗಳು ಹಾಗಿದ್ದವು. ಡಿಸೆಂಬರ್ 14ರಂದು ಸಾಲಾಜಾರನು ಗವರ್ನರನಿಗೆ ಸಂದೇಶವನ್ನು ಕಳುಹಿಸಿದ್ದನು. ಕನಿಷ್ಠ ಎಂಟು ದಿನಗಳಾದರೂ ತಡೆದು ನಿಲ್ಲಬೇಕು. ಅಷ್ಟರಲ್ಲಿ ಜಗತ್ತಿನ ಅಭಿಪ್ರಾಯವನ್ನು ತಾನು ಭಾರತದ ಮೇಲೆ ತಿರುಗಿಸುವೆನು. ಸಂಧಿಯಿಲ್ಲ, ಸೆರೆಸಿಗುವುದಿಲ್ಲ, ಪೋರ್ಚುಗಲ್ಲಿನ ಯೋಧರೂ ನಾವಿಕರೂ ಗೆದ್ದಿರಬೇಕು, ಇಲ್ಲವೆ ಸತ್ತಿರಬೇಕು — ಇದು ಅದರ ಸಾರ. ಹಗೆಗೆ ಏನೂ ದಕ್ಕದಂತೆ ಕಟ್ಟಡಗಳನ್ನು ನಾಶಪಡಿಸಬೇಕು, ಸಂತ ಫ್ರಾನ್ಸಿಸ್ ಝೇವಿಯರನ ಪಾರ್ಥಿವ ಶರೀರವನ್ನು ಲಿಸ್ಬನ್ನಿಗೆ ಸಾಗಿಸಬೇಕು ಎಂಬ ಸೂಚನೆಗಳೂ ಇದ್ದವು. ಆಜ್ಞೆ ಕೊಟ್ಟವನು ಸಾವಿರಾರು ಮೈಲಿ ದೂರದಲ್ಲಿ ಕುಳಿತಿದ್ದನು. ಆಜ್ಞೆ ಪಡೆದವನ ಕೈಯಲ್ಲಿದ್ದುದು ಮೂರು ಸಾವಿರ ಚಿಲ್ಲರೆ ಸೈನಿಕರು, ಹಳೆಯ ಆಯುಧಗಳು. ಕಾದಾಡುವ ವಿಮಾನ ಒಂದೂ ಇರಲಿಲ್ಲ. ಟ್ಯಾಂಕುಗಳನ್ನು ಒಡೆಯುವ ಮದ್ದುಗುಂಡಿಗೆ ಗುಪ್ತಭಾಷೆಯಲ್ಲಿ ಮಾಂಸದ ‘ಶೋರಿಸು’ ಎಂದು ಹೆಸರಿಟ್ಟು ಕೇಳಲು, ಲಿಸ್ಬನ್ನಿನವರು ತಿನ್ನುವ ಶೋರಿಸುವನ್ನೇ ವಿಮಾನದಲ್ಲಿ ಕಳುಹಿಸಿದರೆಂಬ ಕಥೆಯೂ ಉಂಟು. ನಗುವವರು ನಗಬಹುದು, ಅದನ್ನು ಬಿಚ್ಚಿ ನೋಡಿದ ಸಿಪಾಯಿಗೆ ನಗು ಬಂದಿರಲಾರದು.

ಇದಾಲ್ಕಾಂವ್ ಅರಮನೆಗೆ ಪೆಟ್ರೋಲಿನ ಪೀಪಾಯಿಗಳು ಬಂದಿದ್ದವೆಂದೂ, ಗವರ್ನರನು ಅವುಗಳನ್ನು ತೆಗೆಯಿಸಿದನೆಂದೂ ಹೇಳುತ್ತಾರೆ. ಪೂರ್ವದೇಶದಲ್ಲಿ ತಮ್ಮವರ ಹಿರಿಮೆಗೆ ಸಾಕ್ಷಿಯಾಗಿ ನಿಂತುದನ್ನು ತನ್ನ ಕೈಯಾರೆ ಅಳಿಸಲಾರೆನೆಂಬುದು ಅವನು ಕೊಟ್ಟ ಕಾರಣ. ಸಂತನ ಶರೀರವೂ ಗೋವೆಯಲ್ಲಿಯೇ ಉಳಿಯಿತು. ಸೈನ್ಯದ ಕಾದಾಟವನ್ನು ‘ನಿರರ್ಥಕ ಬಲಿ’ ಎಂದೇ ಅವನು ಬಗೆದನು.

“ಬೆಳಿಗ್ಗೆ ಏನಾಯಿತು, ಕಾಕಾ?” ಎಂದೆ.

ಮುದುಕರು ನದಿಯ ಆಚೆಯ ದಂಡೆಯನ್ನು ತೋರಿಸಿದರು. “ಅದು ಬೇತಿ. ಅಲ್ಲಿ ಸಂಜೆಗೇ ಬಂದು ನಿಂತಿದ್ದರಂತೆ. ಬೆಳಿಗ್ಗೆ ದೋಣಿಗಳಲ್ಲಿ ಈಚೆಗೆ ಬಂದರು. ತಲೆಯ ಮೇಲೆ ಕಬ್ಬಿಣದ ಟೋಪಿ ಇರಲಿಲ್ಲ. ಕೆಂಗಂದು ಬಣ್ಣದ ಮೆತ್ತನೆಯ ಟೋಪಿ. ಅದನ್ನು ನೋಡಿ ಅಪ್ಪ, ‘ಇವರು ಹೊಡೆಯಲಿಕ್ಕೆ ಬಂದವರಲ್ಲ’ ಎಂದರು. ಕೊಡದ ನೀರನ್ನು ಅವ್ವ ತುಳಸಿಗೆ ಹೊಯ್ದಳು.”

ಆ ಟೋಪಿಗಳು ಪ್ಯಾರಾಚೂಟ್ ದಳದವು. ಜನರಿಗೆ ಭಯವಾಗದಿರಲೆಂದು ಉಕ್ಕಿನ ಶಿರಸ್ತ್ರಾಣಗಳನ್ನು ತೆಗೆದು ಅವುಗಳನ್ನು ಧರಿಸಲು ಅಪ್ಪಣೆಯಾಗಿದ್ದಿತು. ಪಣಜಿ ಡಿಸೆಂಬರ್ 19ರ ಬೆಳಿಗ್ಗೆ ಗುಂಡಿನ ಸದ್ದಿಲ್ಲದೆ ಕೈಸೇರಿತು. ಗವರ್ನರನು ಆಗಲೇ ಮುರಗಾಂವಿನ ಕಡೆಗೆ ಸರಿದಿದ್ದನು. ಅಂದು ರಾತ್ರಿ 8-30ಕ್ಕೆ ವಾಸ್ಕೊದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದನು. ಎಂಟು ದಿನವೆಂದು ಲಿಸ್ಬನ್ ಬಯಸಿದ ಕಾಳಗ ಎರಡು ದಿನವೂ ತುಂಬುವ ಮೊದಲೇ ಮುಗಿಯಿತು. ಎರಡೂ ಪಕ್ಷಗಳಲ್ಲಿ ಸೇರಿ ಸತ್ತ ಯೋಧರ ಸಂಖ್ಯೆ ನೂರನ್ನು ಮುಟ್ಟಲಿಲ್ಲ.

ಮರುದಿನ ನಾನು ಹಳೆಯ ಗೋವೆಗೆ ಹೋದೆನು. 1605ರಲ್ಲಿ ಪ್ರತಿಷ್ಠಾಪಿತವಾದ ಬಾಂ ಜೆಸುಸ್ ದೇವಾಲಯದ ಕೆಂಪು ಕಲ್ಲಿನ ಮುಖದ ಮುಂದೆ ಬಿಸಿಲು ಸುರಿಯುತ್ತಿದ್ದಿತು. ಒಳಗೆ ಎತ್ತರದ ಮಂಟಪದ ಮೇಲೆ ಬೆಳ್ಳಿಯ ಪೆಟ್ಟಿಗೆಯಲ್ಲಿ ಝೇವಿಯರನ ಶರೀರ. ಮೊಣಕಾಲೂರಿದ ಕ್ರೈಸ್ತರ ಪಕ್ಕದಲ್ಲಿಯೇ ಹಣೆಗೆ ಕುಂಕುಮವಿಟ್ಟ ಹೆಂಗಸೊಬ್ಬಳು ಕೈಮುಗಿದು ನಿಂತಿದ್ದಳು. ಆ ಪೆಟ್ಟಿಗೆ ಇಲ್ಲಿಂದ ಹೋಗಿದ್ದರೆ ಗೋವೆಯ ಜನಕ್ಕೆ ಆಗುತ್ತಿದ್ದ ನಷ್ಟ ಎಂತಹುದೆಂಬುದು ಆ ನಿಶ್ಶಬ್ದದಲ್ಲಿ ನನಗೆ ಅರಿವಾಯಿತು.

ಆದರೆ ಅಲ್ಲಿಂದ ಫೊಂಡೆಯ ದಾರಿ ಹಿಡಿದು ಮಂಗೇಶಿಯನ್ನು ನೋಡಲು ಹೋದಾಗ ಅಜ್ಜನ ದನಿ ಮತ್ತೆ ಕೇಳಿಸಿತು. ಮಂಗೇಶನ ಮೂಲಸ್ಥಾನ ಇದಲ್ಲ, ಅದು ಕುಶಸ್ಥಳಿ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ದೇವಸ್ಥಾನಗಳನ್ನು ಕೆಡವತೊಡಗಿದಾಗ ಭಕ್ತರು ದೇವರನ್ನು ಹೊತ್ತು ಹೊಳೆ ದಾಟಿ ಇಲ್ಲಿಗೆ ತಂದರು. ಎಷ್ಟೋ ಮನೆತನಗಳು ಇನ್ನೂ ದಕ್ಷಿಣಕ್ಕೆ ನಡೆದು ಕಾರವಾರ, ಕುಮಟೆ, ಮಂಗಳೂರುಗಳಲ್ಲಿ ನೆಲೆಸಿದವು. ಅವರ ಕುಲದೇವರು ಇಂದಿಗೂ ಗೋವೆಯಲ್ಲಿ. ಪಂಥದ್ರೋಹವನ್ನು ವಿಚಾರಿಸುವ ಧರ್ಮನ್ಯಾಯಾಲಯ 1560ರಿಂದ 1812ರ ವರೆಗೆ, ನಡುವೆ ಒಂದು ಸಣ್ಣ ಬಿಡುವಿನ ಹೊರತು, ಇಲ್ಲಿ ನಡೆಯಿತು. ಸುಡಲಾರೆನೆಂದು ಕೊನೆಯವನು ಹೇಳುವ ಮೊದಲು ಸುಟ್ಟವರು ಬಹಳ ಮಂದಿ ಆಗಿಹೋಗಿದ್ದರು.

ಅವನು ಉಳಿಸಿದುದಾದರೂ ನಮಗಾಗಿ ಅಲ್ಲ, ತಮ್ಮವರ ಹಿರಿಮೆಗಾಗಿ. ಇದನ್ನು ಯೋಚಿಸುತ್ತ ಪಣಜಿಗೆ ಮರಳಿ ಮತ್ತೆ ಆ ಅರಮನೆಯ ಮುಂದೆ ನಿಂತಾಗ ನನಗೆ ನಗು ಬಂದಿತು. ತಮ್ಮವರ ಹಿರಿಮೆಯೆಂದು ಅವನು ಕಾಪಾಡಿದ ಕಟ್ಟಡದ ಬುನಾದಿ ಬಿಜಾಪುರದವರದು! ಮನುಷ್ಯನು ಯಾವ ಕಾರಣಕ್ಕಾಗಿ ಒಳ್ಳೆಯದನ್ನು ಮಾಡುತ್ತಾನೋ ಅದಕ್ಕಿಂತ ಆ ಒಳ್ಳೆಯದು ಎಷ್ಟೋ ಸಲ ದೊಡ್ಡದಾಗಿರುತ್ತದೆ. ಬಾಗಿಲ ಬಳಿ ನೀರಿನ ಕೊಡಗಳನ್ನಿಟ್ಟುಕೊಂಡು ಕುಳಿತ ತಂದೆಗೆ ಗವರ್ನರನ ಕಾರಣ ಬೇಕಾಗಿರಲಿಲ್ಲ, ಬೆಳಗಾಗುವುದು ಬೇಕಾಗಿದ್ದಿತು.

ಬೆಲೆ ತೆರದೆ ಹೋಗಿದ್ದರೆ ಇಷ್ಟು ಹೇಳುವ ಅವಶ್ಯಕತೆಯೂ ಇರುತ್ತಿರಲಿಲ್ಲ. ಶರಣಾದ ನಾಲ್ಕೂವರೆ ಸಾವಿರಕ್ಕೂ ಮಿಕ್ಕು ಮಂದಿಯೊಡನೆ ಅವನೂ ಸೆರೆಯಲ್ಲಿದ್ದು 1962ರ ಮೇ ತಿಂಗಳಲ್ಲಿ ಸ್ವದೇಶಕ್ಕೆ ಮರಳಿದನು. ಅಲ್ಲಿ ಕಾದಿದ್ದುದು ಹೇಡಿಯೆಂಬ ಬಿರುದು. 1963ರಲ್ಲಿ ಅವನನ್ನು ಸೈನ್ಯದಿಂದ ಹೊರಹಾಕಿದರು. ಬದುಕಿ ಮನೆಗೆ ಬಂದ ಸಾವಿರಾರು ಸಿಪಾಯಿಗಳ ತಾಯಂದಿರು ಏನೆಂದುಕೊಂಡರೋ, ಅದನ್ನು ಕೇಳುವವರು ಸಾಲಾಜಾರನ ರಾಜ್ಯದಲ್ಲಿರಲಿಲ್ಲ. ಹನ್ನೊಂದು ವರ್ಷ ಅವನು ಆ ಕಳಂಕವನ್ನು ಹೊತ್ತನು. 1974ರ ಏಪ್ರಿಲ್ ಕ್ರಾಂತಿಯಲ್ಲಿ ಆ ಸರ್ವಾಧಿಕಾರ ಉರುಳಿದ ಬಳಿಕವೇ ಅವನ ಪದವಿಯನ್ನು ಮರಳಿ ಕೊಟ್ಟರು. ಗೋವೆ ಭಾರತದ್ದೆಂದು ಪೋರ್ಚುಗಲ್ ಒಪ್ಪಿದ್ದೂ ಅದೇ ವರ್ಷದ ಕೊನೆಗೆ.

1980ರಲ್ಲಿ ಎಂಬತ್ತರ ಮುದುಕನಾಗಿ ಅವನು ಗೋವೆಗೆ ಬಂದನು. ಆಳಲು ಅಲ್ಲ, ಅತಿಥಿಯಾಗಿ. ಜನ ಅವನನ್ನು ಆದರದಿಂದ ಬರಮಾಡಿಕೊಂಡರು. ಐದು ವರ್ಷಗಳ ಮೇಲೆ, 1985ರಲ್ಲಿ, ತೀರಿಕೊಂಡನು.

ಅಂದು ಸಂಜೆ ಕಟ್ಟೆಯ ಮೇಲೆ ಮುದುಕರಿಗೆ ಅಜ್ಜನ ಮೊಣಕಾಲಿನ ಕಥೆಯನ್ನೂ, ಅವನ ಪ್ರಶ್ನೆಯನ್ನೂ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿಮ್ಮ ಅಜ್ಜ ಹೇಳಿದ್ದು ಖರೆ, ಮಾಸ್ತರೇ,” ಎಂದರು. “ಆ ಪೆಟ್ಟು ಮಾಯುವುದಿಲ್ಲ. ಆದರೆ ನೋಡಿ, ನಮ್ಮ ಓಣಿ ಸುಡಲಿಲ್ಲ. ಎರಡೂ ನಿಜವೇ. ಒಂದನ್ನು ಹೇಳುವಾಗ ಇನ್ನೊಂದನ್ನು ಮರೆಯಬಾರದು, ಅಷ್ಟೆ.” ಸ್ವಲ್ಪ ತಡೆದು, “ನಿಮ್ಮ ಅಜ್ಜ ಬಂದಿದ್ದರೆ ಒಂದು ಊಟ ಹಾಕುತ್ತಿದ್ದೆವು. ಅವರು ಕಾಲು ಕೊಟ್ಟದ್ದು ನಮಗಾಗಿಯೇ ಅಲ್ಲವೇ?” ಎಂದರು.

ಅಜ್ಜನ ಪರವಾಗಿ ಆ ಊಟವನ್ನು ನಾನು ಮಾಡಿದೆನು. ಅವರ ಮನೆ ಅರಮನೆಯ ಹಿಂದಿನ ಓಣಿಯಲ್ಲಿಯೇ ಇದ್ದಿತು. ಅಂಗಳದಲ್ಲಿ ತುಳಸಿಯ ಕಟ್ಟೆ, ಒಳಗೆ ಮೀನುಸಾರಿನ ಪರಿಮಳ. ನನಗಾಗಿ ಸೋಲಕಡಿಯನ್ನೂ ಅನ್ನವನ್ನೂ ಬೇರೆಯಾಗಿ ಬಡಿಸಿದರು. ಕಿಟಕಿಯಿಂದ ಅರಮನೆಯ ಹಿಂಬದಿಯ ಮಾಡು ಕಾಣುತ್ತಿದ್ದಿತು.

ಮರಳುವ ಬಂಡಿ ಘಟ್ಟವನ್ನು ಏದುತ್ತ ಏರಿ ಕ್ಯಾಸಲ್‌ರಾಕ್ ಸೇರಿದಾಗ ಮಧ್ಯಾಹ್ನ ಇಳಿದಿದ್ದಿತು. ಒಂದು ಕಾಲಕ್ಕೆ ಪಹರೆಯೂ ಸುಂಕದ ತನಿಖೆಯೂ ನಡೆಯುತ್ತಿದ್ದ ಗಡಿ ಅದು. ಈಗ ಅಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ಹುಡುಗನೊಬ್ಬ ಚಹಾ ಮಾರುತ್ತ ಬಂದನು. ಎರಡು ಲೋಟ ತೆಗೆದುಕೊಂಡೆನು. ಒಂದನ್ನು ಕುಡಿದು, ಇನ್ನೊಂದನ್ನು ಕಿಟಕಿಯ ಬಳಿ ಇಟ್ಟು, ಬಂಡಿ ಹೊರಡುವ ವರೆಗೆ ಸುಮ್ಮನೆ ಕುಳಿತಿದ್ದೆನು.